ಒಂದೇ ಪದರಿನ ಎರಡು ಬಣ್ಣ

ವಿಶ್ವವಿದ್ಯಾಲಯದಿಂದ ಬಂದ ಪತ್ರ ಅರ್ಧ ಪುಟದಷ್ಟೇ ಇತ್ತು. ಸೇಡಂನ ಕಾಲೇಜಿನಲ್ಲಿ ಸಂಶೋಧನೆಗೆ ಬೇಕಾದ ಸೌಲಭ್ಯಗಳಿಲ್ಲ, ಆದ್ದರಿಂದ ಕಮರುನ್ನೀಸಾ ಅವರ ಪಿಎಚ್.ಡಿ. ನೋಂದಣಿ ರದ್ದು ಮಾಡಿ ಅವರ ವಿಷಯವನ್ನು ನಗರದ ಬೇರೊಬ್ಬ ವಿದ್ಯಾರ್ಥಿಗೆ ಕೊಡಲಾಗುವುದು, ಒಪ್ಪಿಗೆ ಬರೆದು ಕಳಿಸಬೇಕು ಎಂದಿತ್ತು. ಕಮರುನ್ನೀಸಾ ಅದೇ ಕಾಗದದ ಹಿಂದೆ ‘ಒಪ್ಪಿಗೆ ಇಲ್ಲ. ಬಂದು ನೋಡ್ರಿ’ ಎಂದು ಬರೆದು, ಸಹಿ ಹಾಕಿ, ಮರುದಿನವೇ ಅಂಚೆಗೆ ಹಾಕಿದಳು.

ಅದು 1976ರ ಮಾರ್ಚ್ ತಿಂಗಳು. ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವ ಹಾಜಿಮಲಂಗನ ಮಗಳು ಅವಳು. ವಯಸ್ಸು ಮೂವತ್ತೊಂದು. ಸೇಡಂ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು.

ಅವಳು ಹಿಡಿದಿದ್ದ ವಿಷಯ ಎರಡು ಬಣ್ಣದ ಅಣುಗಳ ನಡುವಿನ ವ್ಯವಹಾರ. ಫ್ಲೋರೆಸೀನ್ ಎಂಬ ಹಳದಿ ಬಣ್ಣದ ಮೇಲೆ ನೀಲಿ ಬೆಳಕು ಬಿದ್ದರೆ ಅದು ಹಸಿರಾಗಿ ಹೊಳೆಯುತ್ತದೆ. ರೋಡಮೀನ್ ಎಂಬ ಗುಲಾಬಿ ಬಣ್ಣ ನೀಲಿ ಬೆಳಕಿಗೆ ಅಷ್ಟಾಗಿ ಜಗ್ಗುವುದಿಲ್ಲ. ಆದರೆ ಎರಡೂ ಅಣುಗಳು ತೀರ ಹತ್ತಿರ, ಅಂದರೆ ಕೂದಲಿನ ದಪ್ಪದ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಹತ್ತಿರ ಬಂದಾಗ, ಹಳದಿಯ ಅಣು ತಾನು ಹೊಳೆಯದೆಯೇ ತನ್ನ ಶಕ್ತಿಯನ್ನು ಗುಲಾಬಿಯ ಅಣುವಿಗೆ ದಾಟಿಸಿಬಿಡುತ್ತದೆ. ಹಸಿರು ಮಂಕಾಗಿ ಕಿತ್ತಳೆ ಹೊಳಪು ಏಳುತ್ತದೆ. ದೂರ ಸ್ವಲ್ಪ ಹೆಚ್ಚಿದರೂ ಸಾಕು, ಈ ದಾಟು ನಿಂತೇ ಹೋಗುತ್ತದೆ. ಹಾಗಾಗಿ ಒಂದು ಪ್ರೋಟೀನಿನ ಎರಡು ಕಡೆ ಇಂಥ ಬಣ್ಣ ಅಂಟಿಸಿದರೆ, ಯಾವ ಸೂಕ್ಷ್ಮದರ್ಶಕಕ್ಕೂ ಸಿಗದ ಆ ಅಂತರವನ್ನು ಹೊಳಪಿನಿಂದಲೇ ಅಳೆಯಬಹುದು. ತೊಗರಿ ಕಾಳಿನ ಪ್ರೋಟೀನು ಕುದಿಯುವಾಗ ಹೇಗೆ ಬಿಚ್ಚಿಕೊಳ್ಳುತ್ತದೆ ಎಂದು ಅಳೆಯುವುದು ಅವಳ ಹಠವಾಗಿತ್ತು. ಅದಕ್ಕೆ ಬೇಕಾದ, ಹೊಳಪು ಅಳೆಯುವ ಯಂತ್ರ ಇದ್ದದ್ದು ವಿಶ್ವವಿದ್ಯಾಲಯದಲ್ಲಿ ಮಾತ್ರ.

ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯದ ಮೂವರ ಸಮಿತಿ ವಾಡಿಯಲ್ಲಿ ರೈಲು ಬದಲಿಸಿ ಸೇಡಂಗೆ ಬಂದಿತು. ಅಧ್ಯಕ್ಷರು ಪ್ರೊಫೆಸರ್ ಅಮೃತಪ್ಪ. ಪ್ರಯೋಗಾಲಯದ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಕಟ್ಟಿದ್ದನ್ನು ನೋಡಿ ಅವರು ಬಾಗಿಲಲ್ಲೇ ನಿಂತರು.

“ಇದೇನಮ್ಮ ಬಟ್ಟೆ?”

“ನಮ್ಮವ್ವನ ಹಳೇ ಬುರ್ಖಾ ರಿ. ಬಿಚ್ಚಿ ಹೊಲದೀನಿ. ಒಂದ್ ಎಳಿ ಬೆಳಕ್ ಒಳಗ ಬರಂಗಿಲ್ಲ.”

“ದೀಪ ಎಲ್ಲಿದೆ? ಇಂಥ ಪ್ರಯೋಗಕ್ಕೆ ಒಳ್ಳೆಯ ದೀಪ ಬೇಕು.”

“ಹೊರಗ ಐತಿ ಸರ. ನಮ್ಮ ಕಡಿ ಬಿಸಿಲಿಗೇನು ಕಡಿಮಿ ಇಲ್ಲ.”

ಅಂಗಳದಲ್ಲಿ ಅಟೆಂಡರ್ ಲಾಲಪ್ಪ ದೊಡ್ಡ ಕನ್ನಡಿ ಹಿಡಿದು ನಿಂತಿದ್ದ. ನಿವೃತ್ತಿಗೆ ಎರಡೇ ವರ್ಷ ಉಳಿದಿದ್ದ ಮನುಷ್ಯ. ಕನ್ನಡಿಯ ಬಿಸಿಲು ಬಟ್ಟೆಯ ತೂತಿನಿಂದ ಒಳಗೆ ನುಗ್ಗಿ, ಮೈಲುತುತ್ತಕ್ಕೆ ಅಮೋನಿಯಾ ಬೆರೆಸಿದ ಬಾಟಲಿಯನ್ನು ದಾಟಿ, ಗಾಢ ನೀಲಿಯಾಗಿ ಮೇಜಿನ ಮೇಲೆ ಬಿತ್ತು. ಅಲ್ಲಿ ಅವಳು ಗಾಜಿನ ಫಲಕವೊಂದನ್ನು ನಿಲ್ಲಿಸಿದಳು. ಅದರ ಮೇಲೆ ತೆಳ್ಳಗೆ ಹಚ್ಚಿ ಒಣಗಿಸಿದ ಜಿಲೆಟಿನ್ ಪದರು. ಪದರಿನೊಳಗೆ ಎರಡೂ ಬಣ್ಣ. ಫಲಕ ಕೆಂಡದಂತೆ ಕಿತ್ತಳೆಯಾಯಿತು.

ಅಮೃತಪ್ಪ ನಕ್ಕರು. “ಇದರಲ್ಲಿ ಹೊಸದೇನಿದೆ? ಹಳದಿ ಹಸಿರು ಬೆಳಕು ಬಿಡ್ತು, ಗುಲಾಬಿ ಅದನ್ನ ನುಂಗ್ತು, ಕಿತ್ತಳೆ ಬಿಡ್ತು. ಶಕ್ತಿಯ ದಾಟು ಅಂತ ನೀನು ಹೇಗೆ ಹೇಳ್ತಿ?”

ಇದೇ ಪ್ರಶ್ನೆಯನ್ನು ಅವಳು ಎಂಟು ತಿಂಗಳ ಹಿಂದೆಯೇ ತನಗೆ ತಾನೇ ಕೇಳಿಕೊಂಡಿದ್ದಳು. ಇನ್ನೆರಡು ಫಲಕ ತೆಗೆದಳು. ಒಂದರಲ್ಲಿ ಬರೀ ಹಳದಿ, ಇನ್ನೊಂದರಲ್ಲಿ ಬರೀ ಗುಲಾಬಿ, ಮೊದಲಿನಷ್ಟೇ ಪ್ರಮಾಣ. ಅವನ್ನು ಒಂದರ ಬೆನ್ನಿಗೊಂದು ಜೋಡಿಸುವಷ್ಟರಲ್ಲಿ ಕೋಣೆ ಕತ್ತಲಾಯಿತು.

“ಮೋಡ ಬಂತ್ರಿ ಬಾಯಾರ!” ಎಂದು ಲಾಲಪ್ಪ ಹೊರಗಿನಿಂದ ಕೂಗಿದ.

ಅಮೃತಪ್ಪ ಗಡಿಯಾರ ನೋಡಿಕೊಂಡು ಎದ್ದರು. “ನಮಗೆ ನಾಲ್ಕರ ಗಾಡಿ ಇದೆ. ನೋಡಿದ್ದು ಸಾಕು.”

ಕಮರುನ್ನೀಸಾ ಬಾಗಿಲಿಗೆ ಅಡ್ಡ ನಿಂತಳು. “ಕುಂದ್ರಿ ಸರ. ಪ್ರಶ್ನಾ ನೀವ್ ಕೇಳೀರಿ. ಉತ್ತರ ಕೇಳದೇ ಹ್ಯಾಂಗ ಹೋಗ್ತೀರಿ?”

ಸಮಿತಿಯ ಜೊತೆ ಬಂದಿದ್ದ ಕಾಲೇಜಿನ ಪ್ರಿನ್ಸಿಪಾಲ್ ಗುರುಲಿಂಗಯ್ಯನವರು ಕಣ್ಣಲ್ಲೇ ಬೇಡವೆಂದರು. ಅವಳು ಅತ್ತ ನೋಡಲಿಲ್ಲ. ಅಮೃತಪ್ಪ ಮುಖ ಕೆಂಪಗೆ ಮಾಡಿಕೊಂಡರೂ ಕೂತರು. ಹತ್ತು ನಿಮಿಷಕ್ಕೆ ಮೋಡ ಸರಿಯಿತು. ಆಮೇಲೆ ನೀಲಿ ಮರಳಿ ಬಂದಿತು.

“ಈ ಕಡಿಂದ ನೋಡ್ರಿ ಸರ, ಗುಲಾಬಿ ಫಲಕದ ಹಿಂದಿನಿಂದ. ಹಳದಿಯ ಬೆಳಕು ಗುಲಾಬಿ ದಾಟೇ ನಿಮ್ಮ ಕಣ್ಣಿಗೆ ಬರಬೇಕು.”

ಫಲಕಗಳು ಹಸಿರಾಗಿಯೇ ಹೊಳೆಯುತ್ತಿದ್ದವು.

“ನುಂಗೋದೇ ಖರೇ ಇದ್ರ ಇಲ್ಲೂ ನುಂಗಬೇಕಿತ್ತಲ್ಲ? ಅದೇ ಬಣ್ಣ, ಅಷ್ಟೇ ಬಣ್ಣ. ನಡುವಿನ ದೂರ ಒಂದೇ ಬದಲಾಗೇದ.”

ಅಮೃತಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ತೋರಿಸುವ, ಮೇಜಿನ ಮೇಲಿದ್ದ ರೋಹಿತದರ್ಶಕದ ಕೊಳವೆಗೆ ಕಣ್ಣಿಟ್ಟು, ತಮ್ಮ ಕೈಯಿಂದಲೇ ಫಲಕಗಳನ್ನು ಅದಲುಬದಲು ಮಾಡಿ ನೋಡಿದರು. “ಇನ್ನೊಮ್ಮೆ” ಎಂದರು. ನಾಲ್ಕರ ಗಾಡಿ ಕೂಗಿ ಹೋದದ್ದು ಅವರಿಗೆ ಕೇಳಿಸಿತೋ ಇಲ್ಲವೋ.

ಕೊನೆಗೆ ವರದಿಯಲ್ಲಿ ‘ನೋಂದಣಿ ಮುಂದುವರಿಸಬಹುದು’ ಎಂದು ಬರೆದು, ಸಹಿಗಾಗಿ ಅವಳ ಮುಂದಿಟ್ಟರು.

“ಯಂತ್ರದ ಮಾತು ಬರದೇ ಇಲ್ಲಲ್ರಿ?”

“ಅದು ನಮ್ಮ ವಿದ್ಯಾರ್ಥಿಗಳಿಗೇ ಸಾಲದು.”

“ಮತ್ತ ನಾ ಯಾರ ವಿದ್ಯಾರ್ಥಿ ಸರ?”

ಅವಳು ಪೆನ್ನು ಮುಟ್ಟಲಿಲ್ಲ. ಅಮೃತಪ್ಪ ಜೊತೆಯವರ ಮುಖ ನೋಡಿದರು. ಆಮೇಲೆ ಕಾಗದ ಎಳೆದುಕೊಂಡು ‘ತಿಂಗಳಿಗೆ ಎರಡು ದಿನ ಯಂತ್ರ ಕೊಡತಕ್ಕದ್ದು’ ಎಂದು ಸೇರಿಸಿದರು. ಆಗ ಅವಳು ಸಹಿ ಹಾಕಿದಳು.

ತಿಂಗಳಿಗೆ ಆ ಎರಡು ದಿನಗಳಂತೆ ಮೂರು ವರ್ಷ ಕಳೆಯಿತು. ಪ್ರೋಟೀನಿಗೆ ಬಣ್ಣ ಅಂಟುವುದೇ ಒಂದೂವರೆ ವರ್ಷ ತಡವಾಯಿತು. ಕಡೆಗೊಂದು ಮಧ್ಯಾಹ್ನ, ಬಿಸಿ ಏರಿದಂತೆ ಯಂತ್ರದ ಮುಳ್ಳು ಕಿತ್ತಳೆಯಲ್ಲಿ ಇಳಿಯತೊಡಗಿತು, ಹಸಿರಿನಲ್ಲಿ ಏರತೊಡಗಿತು. ಮಡಚಿಕೊಂಡಿದ್ದ ಅಣು ಬಿಚ್ಚಿಕೊಳ್ಳುತ್ತಿತ್ತು, ಎರಡು ಬಣ್ಣಗಳು ದೂರ ಸರಿಯುತ್ತಿದ್ದವು. ಅವಳು ಕುರ್ಚಿಯಿಂದ ಎದ್ದು ನಿಂತೇ ಉಳಿದ ಅಂಕಿಗಳನ್ನು ಬರೆದುಕೊಂಡಳು.

ಪ್ರಬಂಧ ಪತ್ರಿಕೆಗೆ ಹೋಗುವ ಮುನ್ನ ಅಮೃತಪ್ಪ ಹೇಳಿದರು: “ವಿಳಾಸ ವಿಶ್ವವಿದ್ಯಾಲಯದ್ದು ಹಾಕು. ಸೇಡಂ ಅಂದರೆ ಯಾರಿಗೆ ಗೊತ್ತು?”

“ಗೊತ್ತಾಗ್ಲಿ ಅಂತೇ ಹಾಕಾಕತ್ತೀನಿ ಸರ” ಎಂದಳು ಕಮರುನ್ನೀಸಾ. ತನ್ನ ಹೆಸರಿನ ಕೆಳಗೆ ಕಾಲೇಜಿನ ಹೆಸರು, ಅದರ ಕೆಳಗೆ ಸೇಡಂ, ಗುಲಬರ್ಗಾ ಜಿಲ್ಲೆ ಎಂದು ಬರೆದು ಲಕೋಟೆಗೆ ಗೋಂದು ಹಚ್ಚಿದಳು.