ಹಸಿದ ನಾಲ್ಕು ಸಾಲು

ತೀರಿಹೋದ ತಂಗಿಯ ಮಗಳು ಸಂಶೋಧನಾ ಕೇಂದ್ರದಲ್ಲಿ ತನ್ನ ಕೈಕೆಳಗೇ ತೋಟದ ಕೆಲಸ ಕೊಡಿಸಿದಾಗ ಮಾವನಿಗೆ ಹೇಳಿದ್ದು ಒಂದೇ ಮಾತು: "ಹೇಳಿದಷ್ಟೇ ಮಾಡಿ ಮಾವ, ಸ್ವಂತ ಬುದ್ಧಿ ಓಡಿಸಬೇಡಿ." ಮಾವ ಹೂಂ ಎಂದಿದ್ದ. ನಲವತ್ತು ವರ್ಷ ಮಣ್ಣಿನಲ್ಲಿ ಕೈಯಾಡಿಸಿದವನಿಗೆ ಸ್ವಂತ ಬುದ್ಧಿಯನ್ನು ಗೇಟಿನ ಹೊರಗೆ ಬಿಟ್ಟು ಬಾ ಅಂದರೆ ಅದೆಲ್ಲಿಯ ಮಾತು.

ಎಂಟು ಸಾಲು ಎಲೆಕೋಸು. ನಾಲ್ಕಕ್ಕೆ ನ್ಯಾನೊ ಗೊಬ್ಬರ; ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ಸಾರಜನಕ, ಲೀಟರ್ ನೀರಿಗೆ ನಾಲ್ಕು ಮಿಲಿ ಬೆರೆಸಿ ಎಲೆಗೆ ಸಿಂಪಡಿಸುವಂಥದ್ದು. ಉಳಿದ ನಾಲ್ಕಕ್ಕೆ ಬರೀ ನೀರು. ಈ ಎರಡರ ಬೆಳೆಯಲ್ಲಿ ಅಂತರ ತೋರಿಸಿದರೆ ಅವಳ ಐದು ವರ್ಷದ ದುಡಿಮೆಗೆ ಪದವಿ, ಇಲ್ಲದಿದ್ದರೆ ಮನೆಯ ದಾರಿ. ಹಿಂದಿನೆರಡು ಹಂಗಾಮನ್ನು ಹುಳು ತಿಂದಿತ್ತು. ಇದು ಕೊನೆಯದು.

ಮೂರನೇ ವಾರಕ್ಕೆ ನೀರಿನ ಸಾಲುಗಳ ಕೆಳಗಿನ ಎಲೆಗಳು ಹಳದಿಯಾದವು. ಮಾವ ಬಗ್ಗಿ ಅವನ್ನು ಸವರಿ ನೋಡಿದ. ತಂಗಿ ಸತ್ತ ವರ್ಷ ಈ ಹುಡುಗಿ ಅನ್ನ ಮುಟ್ಟದೆ ಮೂಲೆ ಹಿಡಿದು ಕೂತಾಗ ಬಾಯಿಗೆ ತುತ್ತಿಟ್ಟು ಉಳಿಸಿಕೊಂಡ ಕೈ ಅವನದು. ಸಿಂಪಡಣೆ ಮುಗಿದ ಮೇಲೆ ಪಂಪಿನ ಟ್ಯಾಂಕಿನಲ್ಲಿ ಒಂದಿಷ್ಟು ಗೊಬ್ಬರದ ನೀರು ಉಳಿಯುತ್ತಿತ್ತು. ಅದನ್ನು ಗುಂಡಿಗೆ ಸುರಿಯಬೇಕೆಂಬುದು ನಿಯಮ. ಚೆಲ್ಲುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಆ ಕಡೆ ಈ ಕಡೆ ನೋಡಿ ಬಡಪಾಯಿ ಸಾಲುಗಳಿಗೂ ಹೊಡೆದ. ಮುಂದಿನ ಸಲ ಉಳಿಯಲೆಂದೇ ಎರಡು ಲೀಟರ್ ಹೆಚ್ಚು ಬೆರೆಸಿದ.

ಎಲೆಯ ಹಸಿರು ಅಳೆಯುವ ಯಂತ್ರ ಹಿಡಿದು ಬಂದವಳು ಎಲ್ಲ ಸಾಲಿಗೂ ಒಂದೇ ಅಂಕಿ ಬಂದದ್ದು ನೋಡಿ ಹುಬ್ಬು ಗಂಟಿಕ್ಕಿದಳು. ಯಂತ್ರವೇ ಕೆಟ್ಟಿದೆಯೆಂದು ರಿಪೇರಿಗೆ ಕಳಿಸಿದಳು. ಮಾವ ಕಳೆ ಕೀಳುತ್ತ ಒಳಗೊಳಗೇ ಬೀಗುತ್ತಿದ್ದ. ಎಂಟೂ ಸಾಲಿನಲ್ಲಿ ಕೋಸು ಗುಂಡುಗುಂಡಗೆ ಕಟ್ಟಿತ್ತು. ಹುಡುಗಿಗೆ ಒಳ್ಳೇ ಹೆಸರು ಬರುತ್ತದೆ ಎಂದುಕೊಂಡ.

ಕೊಯ್ದು ತೂಗಿ ಎರಡು ದಿನಕ್ಕೆ, ಮಧ್ಯಾಹ್ನ, ಅವಳು ತಕ್ಕಡಿಯ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತಳು.

"ಅಂತರಾನೇ ಇಲ್ಲ ಮಾವ. ಗೊಬ್ಬರ ಹಾಕಿದ್ದೂ ಒಂದೇ, ಹಾಕದೇ ಇದ್ದದ್ದೂ ಒಂದೇ. ವರದಿ ಕಳಿಸಿದೆ. ಯೋಜನೆ ಬಂದ್ ಅಂತ ಸಾಹೇಬರು ಈಗ ಫೋನ್ ಮಾಡಿದ್ರು."

"ಹಾಕದೇ ಏನು, ಹಾಕಿದೀನಲ್ಲ," ಎಂದ ಮಾವ, ಸಮಾಧಾನ ಮಾಡುವ ಭರದಲ್ಲಿ. "ಉಳಿದಿದ್ದನ್ನ ಅವಕ್ಕೂ ಹೊಡೀತಿದ್ದೆ. ಪಾಪ, ಹಸಿದು ಹಳದಿಯಾಗಿದ್ವು ಕಣಮ್ಮ. ನಿನ್ನ ಗೊಬ್ಬರ ಭೇಷಾಗಿದೆ."

ನಿಯಮ ಮೀರಿದ್ದಕ್ಕೆ ಬೈಯುತ್ತಾಳೇನೋ ಎಂದು ಅವನು ಕಾದ. ಅವಳಿಗೆ ಬೈಯುವ ತ್ರಾಣವೂ ಉಳಿದಿರಲಿಲ್ಲ.

"ಹಸಿದಿರೋದೇ ಅವುಗಳ ಕೆಲಸ ಆಗಿತ್ತು ಮಾವ."

ಆಗ ಅವನಿಗೆ ಅರ್ಥವಾಯಿತು.

"ಸಾಹೇಬರ ಕಾಲು ಹಿಡೀತೀನಿ. ತಪ್ಪು ನಂದು ಅಂತೀನಿ. ಇನ್ನೊಂದು ಹಂಗಾಮು ಕೊಡ್ಲಿ, ಅವು ಒಣಗಿ ಸತ್ರೂ ಮುಟ್ಟಲ್ಲ."

"ಬೇಡ. ಮನೆಯವರನ್ನ ಕೆಲಸಕ್ಕಿಟ್ಕೊಂಡು ಪ್ರಯೋಗ ಕೆಡಿಸಿದಳು ಅಂತಾರೆ. ಅದಕ್ಕಿಂತ ಗೊಬ್ಬರಾನೇ ಸುಳ್ಳು ಅಂತ ಇರ್ಲಿ ಬಿಡಿ."

ಊಟದ ಹೊತ್ತಾಗಿತ್ತು. ಏನು ಮಾಡಬೇಕೆಂದು ತೋಚದೆ ಮಾವ ತನ್ನ ಬುತ್ತಿ ಬಿಚ್ಚಿ ಅವಳ ಮುಂದಿಟ್ಟ. ಅವಳು ಮುಟ್ಟಲಿಲ್ಲ. ಈ ಸಲ ಬಾಯಿಗೆ ತುತ್ತಿಡುವ ಧೈರ್ಯ ಅವನ ಕೈಗೆ ಬರಲಿಲ್ಲ.