ಮಜ್ಜಿಗೆ ಗಡಿಗೆಗೆ ಕೈ ಹಾಕಿದ್ದು ಯಾರು

ಹನ್ನೊಂದು ವರ್ಷದಿಂದ ಪ್ರತಿ ಭಾನುವಾರ ಸಂಜೆ ಟೀವಿಯಲ್ಲಿ ಯಾರಾದರೊಬ್ಬರ ಕೊಲೆಯಾಗುತ್ತಿತ್ತು. ಧಾರಾವಾಹಿಯ ಹೆಸರು ‘ಚಾವಡಿ ಕೇಸು’. ಕೊಲೆಗಳು ನಡೆಯುವುದು ಸಿಂಗೇನೂರು ಅನ್ನುವ ಕಟ್ಟುಕತೆಯ ಊರಿನಲ್ಲಿ. ಶೂಟಿಂಗ್ ನಡೆಯುವುದು ಮಾತ್ರ ದೊಡ್ಡಬೆಳವಂಗಲದಿಂದ ಒಳಗೆ ಹೋದರೆ ಸಿಗುವ ಮುನಿವೆಂಕಟಮ್ಮನ ಊರಿನಲ್ಲಿ. ಇಷ್ಟು ಹೆಣ ಬಿದ್ದ ಮೇಲೂ ಸಿಂಗೇನೂರಿನಲ್ಲಿ ಜನ ಹೇಗೆ ಉಳಿದಿದ್ದಾರೋ ಎಂದು ಊರಿನವರು ನಗಾಡುತ್ತಿದ್ದರು. ಆದರೂ ಭಾನುವಾರ ಬಂತೆಂದರೆ ಒಂದು ಕಂತನ್ನೂ ಬಿಡುತ್ತಿರಲಿಲ್ಲ.

ಮುನಿವೆಂಕಟಮ್ಮನಿಗೆ ಐವತ್ತೆಂಟು. ಕಾಲೋನಿಯವಳು. ಆರು ವರ್ಷದಿಂದ ಶೂಟಿಂಗ್ ಬಂದಾಗಲೆಲ್ಲ ಗುಂಪಿನಲ್ಲಿ ನಿಲ್ಲುತ್ತಾ ಬಂದಿದ್ದಳು. ಸಂತೆಯಲ್ಲಿ ಸೊಪ್ಪು ಮಾರಿದ್ದಳು, ಹೆಣದ ಮುಂದೆ ಎದೆ ಬಡಿದುಕೊಂಡು ಅತ್ತಿದ್ದಳು, ಎರಡು ಸಲ ತಾನೇ ಹೆಣವಾಗಿದ್ದಳು. ಎರಡನೇ ಸಲ ಕೆರೆ ಏರಿಯ ಮೇಲೆ ಮಲಗಿದ್ದಾಗ ಇರುವೆ ಕಚ್ಚಿ ಕತ್ತೆಲ್ಲ ದದ್ದೆದ್ದರೂ ‘ಕಟ್’ ಅನ್ನುವ ತನಕ ಮಿಸುಕಾಡಿರಲಿಲ್ಲ. ಅವತ್ತು ನಿರ್ದೇಶಕ ಮುರಳಿ, “ಅಮ್ಮ, ನಿಮಗೊಂದು ಮಾತಾಡೋ ಪಾರ್ಟು ಕೊಟ್ಟೇ ಕೊಡ್ತೀನಿ” ಅಂದಿದ್ದ. ಆ ಪಾರ್ಟು ಈಗ ಬಂದಿತ್ತು. ಕೊಲೆಗಾರ್ತಿಯ ಪಾರ್ಟು.

ಸೊಸೆ ರಂಜಿತ ಡೈಲಾಗ್ ಹಾಳೆ ಓದಿ ಹೇಳಿದಳು. ದೊಡ್ಡ ಮನೆಯ ಹಿರಿಸೊಸೆ ಮಜ್ಜಿಗೆ ಕುಡಿದು ಸಾಯುತ್ತಾಳೆ. ಅಡುಗೆಮನೆಯ ಗಡಿಗೆಯಲ್ಲಿ ವಿಷ. ಊರೆಲ್ಲ ಮೈದುನನ ಮೇಲೆ ಅನುಮಾನಪಟ್ಟರೆ, ಕೊನೆಗೆ ಸಿಕ್ಕಿಬೀಳುವವಳು ಆ ಮನೆಯ ಕೊಟ್ಟಿಗೆ ಬಾಚುವ ಚೌಡಿ.

“ಯಾಕಂತೆ ಕೊಂದಿದ್ದು?” ಅಂತ ಮುನಿವೆಂಕಟಮ್ಮ ಕೇಳಿದಳು.

“ಮಗನ್ನ ಕೆಲಸದಿಂದ ಬಿಡಿಸಿದ್ರಂತೆ ಅತ್ತೆ. ಆ ಸಿಟ್ಟಿಗೆ.”

ಮುನಿವೆಂಕಟಮ್ಮನಿಗೆ ಬೇಜಾರೇನೂ ಆಗಲಿಲ್ಲ. ಈ ಹನ್ನೊಂದು ವರ್ಷದಲ್ಲಿ ಮೇಷ್ಟ್ರು ಕೊಂದಿದ್ದರು, ಪೂಜಾರಿ ಕೊಂದಿದ್ದ, ಚೇರ್ಮನ್ ಕೊಂದಿದ್ದ. ಈ ವಾರ ಚೌಡಿಯ ಸರದಿ, ಅಷ್ಟೇ. ಮೂರು ದಿನ ಪಾತ್ರೆ ಬೆಳಗುತ್ತಾ, ರಾಗಿ ಕೇರುತ್ತಾ, “ಹೌದು ಸ್ವಾಮಿ, ನಾನೇ ಹಾಕ್ದೆ” ಅನ್ನುವುದನ್ನು ಹತ್ತು ಥರ ಹೇಳಿ ನೋಡಿದಳು. ಮೊಮ್ಮಗಳು ಹೆದರಿ ರಂಜಿತಳ ಹಿಂದೆ ಬಚ್ಚಿಟ್ಟುಕೊಂಡಳು. ಅದೇ ಸರಿ ಅನ್ನಿಸಿತು.

ಶೂಟಿಂಗ್ ಇದ್ದದ್ದು ಮೇಲಿನ ಕೇರಿಯ ದೇವರಾಜನ ಹಳೇ ತೊಟ್ಟಿಮನೆಯಲ್ಲಿ. ಮುನಿವೆಂಕಟಮ್ಮ ಮದುವೆಯಾಗಿ ಬಂದ ಹೊಸದರಲ್ಲಿ ಆ ಮನೆಯ ಕೊಟ್ಟಿಗೆಯಲ್ಲೇ ಹದಿನಾಲ್ಕು ವರ್ಷ ಸಗಣಿ ಬಾಚಿದ್ದಳು. ಹಿತ್ತಲ ಬಾಗಿಲಿಂದ ಆಚೆಗೆ ಆ ಮನೆ ಹೇಗಿದೆಯೋ ಅವಳು ನೋಡಿರಲಿಲ್ಲ. ಈಗ ಲೈಟಿನ ಹುಡುಗರ ಹಿಂದೆಯೇ ಹೊಸಿಲು ದಾಟಿ ಹಜಾರಕ್ಕೆ ಬಂದು ಕಂಬದ ಪಕ್ಕ ನಿಂತಳು. ಯಾರೂ ಏನೂ ಅನ್ನಲಿಲ್ಲ. ಅವಳು ಅಡುಗೆಮನೆಗೆ ಕಳ್ಳಹೆಜ್ಜೆ ಇಟ್ಟು ಹೋಗಿ ಗಡಿಗೆಗೆ ವಿಷ ಹಾಕುವ ಶಾಟ್ ಮೊದಲು ಆಗಬೇಕಿತ್ತು.

ಅಷ್ಟರಲ್ಲಿ ದೇವರಾಜ ಒಳಗಿಂದ ಬಂದು ಮುರಳಿಯನ್ನು ಪಕ್ಕಕ್ಕೆ ಕರೆದ. ದನಿ ತಗ್ಗಿಸಿದ್ದ, ಆದರೂ ಕಂಬದವರೆಗೆ ಕೇಳಿಸಿತು.

“ಹಜಾರದ ತಂಕ ಏನ್ ಬೇಕಾದ್ರೂ ಮಾಡ್ಕೊಳಿ ಸಾರ್. ಆಯಮ್ಮನ್ನ ಅಡುಗೆಮನೆಗೆ ಕಳಿಸ್ಬೇಡಿ. ನಮ್ಮಮ್ಮ ಒಪ್ಪಲ್ಲ.”

“ನಿನ್ನೆ ಕ್ಯಾಮೆರಾದೋರು, ಮೇಕಪ್‌ನೋರು ಎಲ್ಲಾ ಒಳಗೇ ಓಡಾಡಿದ್ರಲ್ಲ?”

“ಅವ್ರ ಮಾತು ಬೇರೆ ಸಾರ್. ಅವ್ರು ಯಾರೋ ಏನೋ, ಗೊತ್ತಿಲ್ಲ. ಈಯಮ್ಮ ನಮ್ಮೂರೋಳು.”

ಹಜಾರದಿಂದ ಒಳಕ್ಕೆ ಹೋಗುವ ಬಾಗಿಲಿಗೆ ದೇವರಾಜನ ತಾಯಿ ಲಕ್ಕಮ್ಮ ಅಡ್ಡಲಾಗಿ ಮಣೆ ಹಾಕಿ ಕೂತಿದ್ದಳು. ಇತ್ತ ತಿರುಗಿಯೂ ನೋಡಲಿಲ್ಲ.

ಮುರಳಿ ವಾಪಸ್ ಬಂದವನು ಮುನಿವೆಂಕಟಮ್ಮನ ಮುಖ ನೋಡದೆ ಹೇಳಿದ: “ಸಣ್ಣ ಚೇಂಜು ಅಮ್ಮ. ಗಡಿಗೆ ಶಾಟ್‌ನ ಬೆಂಗಳೂರಲ್ಲಿ ಸೆಟ್ ಹಾಕಿ ಬೇರೆಯವರ ಕೈ ತೋರಿಸಿ ತಗೋತೀವಿ. ನೀವು ಅಂಗಳದಲ್ಲಿ ಒಪ್ಕೊಳ್ಳೋ ಸೀನ್ ಒಂದು ಮಾಡ್ಬಿಡಿ.”

ಅವಳು ಅಂಗಳಕ್ಕೆ ಇಳಿದಳು.

ಕ್ಯಾಮೆರಾ ಓಡಿತು. ಇನ್‌ಸ್ಪೆಕ್ಟರ್ ಪಾತ್ರದ ಮುನಿರಾಮಯ್ಯ ಖಾಕಿ ಬಟ್ಟೆಯಲ್ಲಿ ಎದುರು ನಿಂತ. ನೆಲಮಂಗಲದ ಕಡೆಯವನು, ನಾಟಕದಲ್ಲಿ ಪಳಗಿದ ಮುದುಕ, ಮೊದಲ ಕಂತಿನಿಂದಲೂ ಅವನೇ ಇನ್‌ಸ್ಪೆಕ್ಟರ್.

“ಹೇಳು ಚೌಡಿ. ಮಜ್ಜಿಗೆಗೆ ವಿಷ ಹಾಕಿದ್ದು ಯಾರು?”

“ನಾನಲ್ಲ ಸ್ವಾಮಿ.”

“ಕಟ್!” ಮುರಳಿ ಮರೆತಿರಬೇಕು ಅಂದುಕೊಂಡು ಮಾತು ನೆನಪಿಸಿದ. ಎರಡನೇ ಸಲ ಕ್ಯಾಮೆರಾ ಓಡಿತು.

“ನಾನಲ್ಲ ಸ್ವಾಮಿ.”

“ಏನಮ್ಮಾ ಇದು? ಬಿಸಿಲು ಹೋಗ್ತಾ ಇದೆ!”

ಮೂರನೇ ಸಲವೂ ಅದೇ ಉತ್ತರ ಬಂದಾಗ ಮುರಳಿ ಬಾಯಿ ತೆಗೆಯುವ ಮೊದಲೇ ಮುನಿರಾಮಯ್ಯ ಲಾಠಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಒಂದು ಹೆಜ್ಜೆ ಮುಂದೆ ಬಂದ. ಹಾಳೆಯಲ್ಲಿ ಇಲ್ಲದ ಮಾತು ಕೇಳಿದ.

“ನೀನಲ್ಲ ಅನ್ನೋಕೆ ಏನು ಸಾಕ್ಷಿ?”

ಕ್ಯಾಮೆರಾ ಓಡುತ್ತಲೇ ಇತ್ತು. ಮುನಿವೆಂಕಟಮ್ಮ ತಲೆಯೆತ್ತಿದಳು.

“ಗಡಿಗೆ ಎಲ್ಲಿತ್ತು ಸ್ವಾಮಿ? ಅಡುಗೆಮನೆ ಒಳಗೆ. ಹದಿನಾಲ್ಕು ವರ್ಷ ಈ ಮನೆ ಸಗಣಿ ಬಾಚಿದ್ದೀನಿ. ನೀರು ಕೇಳಿದ್ರೆ ಹಿತ್ತಲಲ್ಲಿ ಕೂರಿಸಿ ಬೊಗಸೆಗೆ ಮೇಲಿಂದ ಹುಯ್ತಿದ್ರು. ಅಡುಗೆಮನೆ ಬಾಗಿಲು ಎಡಕ್ಕೈತೋ ಬಲಕ್ಕೈತೋ ಇವತ್ತಿಗೂ ನಂಗೆ ಗೊತ್ತಿಲ್ಲ. ಒಳಕ್ಕೆ ಬಿಡ್ದೇ ಇರೋಳು ಒಳಗಿರೋ ಗಡಿಗೆಗೆ ಕೈ ಹೆಂಗೆ ಹಾಕ್ಲಿ? ಆ ಗಡಿಗೆ ಮುಟ್ಟೋಕೆ ಯಾರ್ಯಾರಿಗೆ ಹಕ್ಕೈತೋ ಅವ್ರನ್ನ ಸಾಲಾಗಿ ನಿಲ್ಸಿ ಕೇಳಿ. ನನ್ನ ಕೇಳ್ಬೇಡಿ.”

ಮುರಳಿಗೆ ಕಟ್ ಅನ್ನುವುದೇ ಮರೆತುಹೋಗಿತ್ತು. ಮೊದಲು ಕೂಗಿದವನು ದೇವರಾಜ.

“ಏಯ್, ಯಾರ ಮನೇಲಿ ನಿಂತು ಯಾರ ಮಾತಾಡ್ತಿದ್ದೀಯ? ಸಾರ್, ಈಯಮ್ಮನ್ನ ಕಳಿಸಿ. ಬೇರೆ ಯಾರಿಗಾದ್ರೂ ಸೀರೆ ಸುತ್ತಿ ಮಾಡಿಸ್ಕೊಳಿ.”

ಮುರಳಿ ಗುಂಪಿನ ಕಡೆ ನೋಡಿದ. ಕಾಲೋನಿಯ ಒಂಬತ್ತು ಹೆಂಗಸರು ಮೇಕಪ್ಪಿನಲ್ಲಿ ನಿಂತಿದ್ದರು. “ಮುತ್ಯಾಲಮ್ಮೋರೆ, ನೀವು ಹೇಳ್ತೀರಾ ನಾಲ್ಕು ಮಾತು?”

ಮುತ್ಯಾಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಲ್ಲೇ ಕುಕ್ಕರುಗಾಲಲ್ಲಿ ಕೂತಳು. “ನಂಗೂ ಬಾಗಿಲು ಗೊತ್ತಿಲ್ಲ ಸಾ” ಅಂದಳು. ಅವಳ ಪಕ್ಕದವಳೂ ಕೂತಳು. ಒಬ್ಬೊಬ್ಬರಾಗಿ ಒಂಬತ್ತೂ ಜನ ಕೂತರು.

ಮುನಿರಾಮಯ್ಯ ಟೋಪಿ ತೆಗೆದು ಬೆವರು ಒರೆಸಿಕೊಂಡ. “ಮುರಳಿ, ಹನ್ನೊಂದು ವರ್ಷದಿಂದ ಕೊಲೆಗಾರರನ್ನ ಹಿಡೀತಿದ್ದೀನಿ. ಈ ಕೇಸಲ್ಲಿ ತಪ್ಪು ಮನುಷ್ಯರನ್ನ ಹಿಡಿದಿದ್ದೀವಿ. ನಾನು ಈ ಕೈಗೆ ಕೋಳ ಹಾಕಲ್ಲ.”

ಮುರಳಿ ಬೇಲಿಯಾಚೆ ಹೋಗಿ ಕತೆ ಬರೆಯುವವನ ಜೊತೆ ಬಹಳ ಹೊತ್ತು ಫೋನಿನಲ್ಲಿ ಕಿತ್ತಾಡಿದ. ಮುನಿವೆಂಕಟಮ್ಮ ಅಂಗಳದ ಮಧ್ಯೆ ನಿಂತೇ ಇದ್ದಳು. ಕೂರಬೇಕು ಅನ್ನಿಸಿದರೂ ದೇವರಾಜ ನೋಡುತ್ತಿದ್ದಾನೆ ಅಂತ ಕೂರಲಿಲ್ಲ. ಮುರಳಿ ಬಂದು ಕೇಳಿದ್ದು ಒಂದೇ ಮಾತು: “ಅಮ್ಮ, ಆಗ ಹೇಳಿದ್ದನ್ನ ಇನ್ನೊಂದು ಸಲ ಹೇಳೋಕೆ ಆಗುತ್ತಾ? ಹತ್ತಿರದಿಂದ ತಗೋಬೇಕು.”

“ಎಷ್ಟು ಸಲ ಬೇಕಾದ್ರೂ ಹೇಳ್ತೀನಿ ಸಾ.”

ಎರಡು ವಾರದ ಮೇಲೆ ಕಂತು ಪ್ರಸಾರವಾಯಿತು. ಚೌಡಿಯ ಮಾತು ಕೇಳಿ ಇನ್‌ಸ್ಪೆಕ್ಟರು ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿದ. ಆಸ್ತಿಯ ಆಸೆಗೆ ವಿಷ ಹಾಕಿದ್ದ ಮೈದುನ ಸಿಕ್ಕಿಬಿದ್ದ. ಮುನಿವೆಂಕಟಮ್ಮನ ಮುಖ ಟೀವಿ ತುಂಬ ಬಂದಾಗ ಕಾಲೋನಿಯಲ್ಲಿ ಯಾರೋ ಶಿಳ್ಳೆ ಹೊಡೆದರು. ದೇವನಹಳ್ಳಿಯಲ್ಲಿ ಕ್ಯಾಬ್ ಓಡಿಸುವ ಮಗ ಭೀಮರಾಜ್ ಫೋನ್ ಮಾಡಿ, “ಊಟ ಮಾಡಿದ್ಯೇನವ್ವಾ?” ಅಂತ ಕೇಳಿ ಇಟ್ಟುಬಿಟ್ಟ.

ಮಾರನೇ ದಿನ ಹಾಲಿನ ಡೈರಿ ಮುಂದೆ ಲಕ್ಕಮ್ಮ ಅವಳನ್ನು ತಡೆದು ನಿಲ್ಲಿಸಿದಳು. “ಏನೇ ಮುನೆಂಕಟಿ, ನಮ್ಮನೆ ಮರ್ಯಾದೆನ ಊರೂರಿಗೆಲ್ಲ ಹರಾಜು ಹಾಕ್ಬಿಟ್ಯಲ್ಲ?”

“ನಾನು ಸಿಂಗೇನೂರಿನ ಮನೆ ಮಾತಾಡಿದ್ದು ಕಣಮ್ಮ. ನಿಮ್ಮನೆ ಹೆಸರು ನಾನು ಎತ್ತಲಿಲ್ಲ. ನಿಮ್ಮನೇದೇ ಅಂತ ನೀವೇ ಗುರುತು ಹಿಡ್ಕೊಂಡ್ರಿ. ಇನ್ನೊಂದು, ನನ್ನ ಹೆಸರು ಮುನಿವೆಂಕಟಮ್ಮ. ಟೀವೀಲೂ ಹಂಗೇ ಹಾಕವ್ರೆ.”

ಡೈರಿ ಮುಂದಿನ ಸಾಲಿನಲ್ಲಿದ್ದವರು ಹಾಲಿನ ಕ್ಯಾನುಗಳನ್ನೇ ನೋಡುತ್ತಾ ನಿಂತರು. ಲಕ್ಕಮ್ಮ ಸೆರಗು ಕೊಡವಿಕೊಂಡು ಮನೆ ಕಡೆ ಹೋದಳು.

ದೇವರಾಜ ಶೂಟಿಂಗಿಗೆ ಮತ್ತೆ ಮನೆ ಕೊಡಲಿಲ್ಲ. ತಂಡ ನಲ್ಲೂರಿನ ಕಡೆಗೆ ಹೋಯಿತು. ಊರಿಗೆ ಬರುತ್ತಿದ್ದ ಕೆಲಸ ಇವಳಿಂದ ಹೋಯಿತು ಅಂತ ಮೇಲಿನ ಕೇರಿಯವರು ಅಂದರು. ಕಾಲೋನಿಯಲ್ಲೂ ಒಬ್ಬಿಬ್ಬರು ಅಂದರು. ಅದು ಅವಳಿಗೆ ಚುಚ್ಚಿತು, ಎರಡು ದಿನ ಅನ್ನ ಸೇರಲಿಲ್ಲ. ಆದರೆ ಮಾತು ವಾಪಸ್ ತಗೊಳ್ಳಬೇಕು ಅಂತ ಒಂದು ಸಲವೂ ಅನ್ನಿಸಲಿಲ್ಲ.

ತಿಂಗಳ ಮೇಲೆ ಮುರಳಿಯ ಫೋನ್ ಬಂತು. ನಲ್ಲೂರಿನ ಹುಣಸೆತೋಪಿನಲ್ಲಿ ಹೊಸ ಕೊಲೆ. ಅವಳಿಗೆ ಪಾರ್ಟು ಇದೆ, ಕಾಲೋನಿಯ ಒಂಬತ್ತು ಹೆಂಗಸರಿಗೂ ವ್ಯಾನ್ ಕಳಿಸುತ್ತೇನೆ ಅಂದ.

“ಬರ್ತೀವಿ ಸಾ. ಮೊದ್ಲು ಕತೆ ಹೇಳಿ” ಅಂದಳು ಮುನಿವೆಂಕಟಮ್ಮ, ಜಗುಲಿಯ ಮೇಲೆ ಕಾಲು ಚಾಚಿ ಕೂರುತ್ತಾ. “ಪೂರ್ತಿ ಹೇಳಿ. ನಂಗೇನೂ ಅವಸರ ಇಲ್ಲ.”