ಸುಲಭದ ನಡಿಗೆ

ಗುಡ್ಡದ ಮೇಲೆ ಕಟ್ಟಿದ ಆ ಬಂದರಿನ ಊರಿಗೆ ಬರುವವರಿಗೆ ತಂಗಿ ಹೇಳುವ ಬುದ್ಧಿಮಾತು ಒಂದೆರಡಲ್ಲ. ಎತ್ತರದ ಹಿಮ್ಮಡಿಯ ಚಪ್ಪಲಿ ಬೇಡ, ಗಾಳಿಗೆ ಹಾರುವ ಟೋಪಿ ಬೇಡ, ಹಡಗುಕಟ್ಟೆಯ ಎದುರಿನ ಹೋಟೆಲಿನಲ್ಲಿ ಕೂತು ಜೇಬಿಗೆ ಕತ್ತರಿ ಹಾಕಿಸಿಕೊಳ್ಳುವುದು ಬೇಡ. ಅವಳು ಪ್ರವಾಸಿಗರಿಗೆ ಊರು ತೋರಿಸುವ ಗೈಡು. ಈ ಸಲಹೆಗಳನ್ನೆಲ್ಲ ಪ್ರವಾಸಿ ಕಚೇರಿಯವರು ಮೊಬೈಲಿನಲ್ಲಿ ಓದಲು ಸಿಗುವಂತೆ ಹಾಕಿದ ಮೇಲಂತೂ ಅವಳನ್ನು ಹಿಡಿಯುವವರೇ ಇರಲಿಲ್ಲ.

ಅವಳಿಗಿಂತ ಹೆಚ್ಚು ಬೀಗಿದವಳು ಅವಳ ಅಕ್ಕ. ತಾಯಿ ಹೋದ ಮೇಲೆ ತಂಗಿಯನ್ನು ಸಾಕಿ ಬೆಳೆಸಿದವಳು, ದೂರದ ಬಯಲು ಊರಿನಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಬಟ್ಟೆ ಹೊಲಿಸಲು ಬಂದವರನ್ನು ಕೂರಿಸಿ, ಅಳತೆ ತೆಗೆಯುವ ಮೊದಲು ತಂಗಿಯ ಸಲಹೆಗಳನ್ನು ಓದಿ ಹೇಳುತ್ತಿದ್ದಳು. ಸಮುದ್ರ ನೋಡುವ ಆಸೆಯೇ ಇಲ್ಲದವರಿಗೂ ಅದರಿಂದ ಬಿಡುಗಡೆ ಇರಲಿಲ್ಲ.

ಹೋದ ವರ್ಷ ಅಕ್ಕನಿಗೆ ಹೃದಯದ ಆಪರೇಷನ್ ಆಗಿತ್ತು. ಸಮನೆಲದಲ್ಲಿ ಧಾರಾಳವಾಗಿ ನಡೆಯಿರಿ, ಕಡಿದಾದ ಏರು ಮಾತ್ರ ಹತ್ತಬೇಡಿ ಎಂದಿದ್ದರು ಡಾಕ್ಟರು. ಅದಾದ ಮೇಲೆ ಮೊದಲ ಸಲ ಒಬ್ಬಳೇ ಹಡಗು ಹತ್ತಿ ತಂಗಿಯ ಊರಿಗೆ ಬರುತ್ತಿದ್ದಳು. ಇಳಿದವಳೇ ರೋಪ್‌ವೇಯಲ್ಲಿ ಕೂತು ಮೇಲಿನ ಚೌಕಕ್ಕೆ ಬಂದುಬಿಡು, ಅಲ್ಲೇ ಇರುತ್ತೇನೆ ಎಂದು ತಂಗಿ ಸಾರಿ ಸಾರಿ ಹೇಳಿದ್ದಳು.

ಚೌಕದಲ್ಲಿ ಅವಳು ತನ್ನ ಗುಂಪಿಗೆ ಬಂದರಿನ ಕಥೆ ಹೇಳುತ್ತಿದ್ದಾಗ ಗಾಳಿ ಎದ್ದು ರೋಪ್‌ವೇ ನಿಂತಿತು. ಸ್ವಲ್ಪ ಹೊತ್ತಿಗೆ ಮೊಬೈಲಿಗೆ ಅಕ್ಕನ ವಾಯ್ಸ್ ಮೆಸೇಜ್ ಬಂತು.

"ಇಲ್ಲಿ ರೋಪ್‌ವೇ ನಿಲ್ಸಿಬಿಟ್ಟಿದ್ದಾರೆ ಕಣೇ. ನೀನೇನೂ ಒದ್ದಾಡಬೇಡ. ಮಾರ್ಕೆಟ್ ಹಿಂದಿನ ಮೆಟ್ಟಿಲ ದಾರಿ ಸುಲಭದ ನಡಿಗೆ, ಎಲ್ಲಾ ವಯಸ್ಸಿನವರಿಗೂ ಆಗುತ್ತೆ ಅಂತ ನೀನೇ ಬರ್ದಿದ್ದೀಯಲ್ಲ, ಅದ್ರಲ್ಲೇ ಬರ್ತೀನಿ."

ಆ ಮೆಟ್ಟಿಲುಗಳನ್ನು ತಂಗಿ ಕಣ್ಣು ಕಟ್ಟಿ ಬಿಟ್ಟರೂ ಇಳಿಯಬಲ್ಲಳು. ಇಳಿಯಬಲ್ಲಳು, ಅಷ್ಟೇ. ಆ ಊರಿನ ಗೈಡುಗಳೆಲ್ಲ ಜನರನ್ನು ರೋಪ್‌ವೇಯಲ್ಲಿ ಮೇಲಕ್ಕೆ ತಂದು ಮೆಟ್ಟಿಲಲ್ಲಿ ಕೆಳಗಿಳಿಸುತ್ತಾರೆ. ಇಷ್ಟು ವರ್ಷಗಳಲ್ಲಿ ಅವಳು ಒಂದು ದಿನವೂ ಅದನ್ನು ಹತ್ತಿದವಳಲ್ಲ. ಬರೆಯುವಾಗ, ಈ ದಾರಿಯಲ್ಲಿ ಮೇಲಕ್ಕೂ ಜನ ಬರಬಹುದು ಎನ್ನುವುದು ಆ ಜಾಣೆಯ ತಲೆಗೆ ಹೊಳೆದೇ ಇರಲಿಲ್ಲ.

ಫೋನ್ ಮಾಡಿದಳು. ಅಕ್ಕ ಎತ್ತಲಿಲ್ಲ. ಮತ್ತೆ ಮಾಡಿದಳು, ಬರೀ ರಿಂಗಾಯಿತು. ಗುಂಪನ್ನು ಪಕ್ಕದಲ್ಲಿದ್ದ ಗೈಡಿಗೆ ಒಪ್ಪಿಸಿ, ಎದ್ದೆನೋ ಬಿದ್ದೆನೋ ಎಂದು ಮೆಟ್ಟಿಲಿಳಿದು ಓಡಿದಳು. ನಡುವೆ ನೀರಿನ ತೊಟ್ಟಿಯ ಹತ್ತಿರ ಮೆಟ್ಟಿಲುಗಳು ಎರಡಾಗಿ ಕವಲೊಡೆದು ಕೆಳಗೆ ಮತ್ತೆ ಕೂಡುತ್ತವೆ. ಕಾಲು ಎಂದಿನ ಅಭ್ಯಾಸದಂತೆ ಎಡಗಡೆಗೇ ಎಳೆಯಿತು. ಮಾರ್ಕೆಟ್ ಮುಟ್ಟಿದರೂ ಅಕ್ಕ ಸಿಗಲಿಲ್ಲ. ಮೆಟ್ಟಿಲ ಬುಡದಲ್ಲಿ ಹಣ್ಣು ಮಾರುತ್ತಿದ್ದವಳು, ಚೀಲ ಹಿಡಿದ ಒಬ್ಬ ಹೆಂಗಸು ಆಗಲೇ ಹತ್ತಿಹೋದಳು, ಕೂತು ಹೋಗಿ ಅಂದರೂ ಕೇಳಲಿಲ್ಲ ಎಂದಳು.

ತಂಗಿ ಹತ್ತತೊಡಗಿದಳು. ಮೊದಲ ತಿರುವಿನಲ್ಲೇ ತೊಡೆ ಉರಿಯಿತು. ಎರಡನೆಯದರಲ್ಲಿ ಗಂಟಲು ಒಣಗಿತು. ಗಟ್ಟಿಮುಟ್ಟಾದ ಹಮಾಲಿಯೊಬ್ಬ ಮೂಟೆ ಇಳಿಸಿ, ಗೋಡೆಗೆ ಒರಗಿ ಸುಧಾರಿಸಿಕೊಳ್ಳುತ್ತಿದ್ದ. ಇಷ್ಟು ವರ್ಷ ಇಂಥವರನ್ನು ದಾಟಿಕೊಂಡೇ ಇಳಿದಿದ್ದಳಲ್ಲ, ಒಬ್ಬರ ಮುಖವನ್ನಾದರೂ ನೋಡಿದ್ದಳೇ? ತನ್ನ ಗತಿಯೇ ಹೀಗಾದರೆ ಹೊಲಿಗೆ ಹಾಕಿದ ಆ ಹೃದಯದ ಗತಿಯೇನು ಎಂದುಕೊಂಡಳು. ದೇವರೇ, ದೇವರೇ ಎನ್ನುತ್ತ ಕಂಬಿ ಹಿಡಿದು ಮೈಯನ್ನು ಎಳೆದುಕೊಂಡು ಹತ್ತಿದಳು.

ತಂಗಿ ಇಳಿಯುವಾಗ ಬಿಟ್ಟುಬಂದಿದ್ದ ಇನ್ನೊಂದು ಕವಲಿನಲ್ಲಿ, ಮುಚ್ಚಿದ ಮನೆಯೊಂದರ ಹೊಸ್ತಿಲ ಮೇಲೆ ಅಕ್ಕ ಕೂತಿದ್ದಳು. ಮುಖ ಬಿಳಿಚಿಕೊಂಡಿತ್ತು. ಮೊಬೈಲು ಕೈಯಲ್ಲೇ ಇತ್ತು.

"ಫೋನ್..." ಎಂದಳು ತಂಗಿ.

"ಎತ್ತಿ ಏನಂತ ಹೇಳ್ಲೇ?" ಅಕ್ಕ ತಲೆ ಎತ್ತಲಿಲ್ಲ. "ಎಲ್ಲಾರಿಗೂ ಆಗುತ್ತೆ ಅಂತ ನೀನು ಬರ್ದಿರೋದು ನನಗೆ ಅರ್ಧ ದಾರೀನೂ ಆಗ್ಲಿಲ್ಲ. ಆಪರೇಷನ್ ಕೈ ಕೊಡ್ತು ಕಣೇ. ನಿನಗೆ ಹೇಳೋಕೆ ಧೈರ್ಯ ಬರ್ಲಿಲ್ಲ."

ತನ್ನ ಮೈ ಹೇಳಿದ್ದಕ್ಕಿಂತ ತಂಗಿ ಬರೆದದ್ದನ್ನು ಹೆಚ್ಚು ನಂಬಿ, ಸಾವು ಹತ್ತಿರ ಬಂತೆಂದೇ ಲೆಕ್ಕ ಹಾಕಿಕೊಂಡು ಅವಳು ಅಲ್ಲಿ ಕೂತಿದ್ದಳು. ತಂಗಿ ಅವಳ ಕಾಲ ಬಳಿ ಕುಸಿದಳು. ಆ ಸದ್ದಿಗೆ ಅಕ್ಕ ನೋಡಿದಳು.

"ನೀನ್ಯಾಕೆ ಹೀಗೆ ಏದುಸಿರು ಬಿಡ್ತಿದ್ದೀಯ?"

"ನಾನು ಇದನ್ನ... ಯಾವತ್ತೂ ಹತ್ತೇ ಇಲ್ಲ ಅಕ್ಕಾ. ಬರೀ ಇಳಿದಿದ್ದೀನಿ."

ಅಕ್ಕ ಒಂದು ಕೈಯನ್ನು ತನ್ನ ಎದೆಯ ಮೇಲಿಟ್ಟು, ಇನ್ನೊಂದನ್ನು ತಂಗಿಯ ಎದೆಯ ಮೇಲಿಟ್ಟು, ಬಟ್ಟೆಯ ಅಳತೆ ಹಿಡಿಯುವಾಗಿನ ಗಮನದಿಂದ ತಾಳೆ ನೋಡಿದಳು.

"ನಿಂದೇ ಜೋರಾಗಿದೆ," ಎಂದಳು.

ತಂಗಿಗೆ ಅಳು ಒತ್ತರಿಸಿ ಬಂತು. ಅಕ್ಕ ಕೈ ತೆಗೆಯಲಿಲ್ಲ.